ದಿನಾ ಒಂದು ಸೀರೆ

ಪಿನ್ನಿನ ತುದಿ ತಣ್ಣಗೆ ಹೆಗಲಿಗೆ ತಾಕಿ ಹಿಂದೆ ಸರಿಯುತ್ತದೆ, ಚುಚ್ಚಿತೇನ ಅಕ್ಕ, ಇಲ್ಲ ಬಿಡವಾ ಐಶ್ವರ್ಯ, ನೀ ಹಾಕು, ಜರಿಯ ಅಂಚು ಕುತ್ತಿಗೆಯ ಪಕ್ಕ ಕೆರೆಯುತ್ತಿದೆ, ದಿನವೂ ಕೆರೆಯುವ ಜಾಗವೇ, ಅಲ್ಲೊಂದು ಕೆಂಪು ಗೆರೆ ಕಾಯಂ ಆಗಿ ಕೂತುಬಿಟ್ಟಿದೆ, ವಿಡಿಯೋದಲ್ಲಿ ಕಾಣದ ಹಾಗೆ ಅವಳು ಅದರ ಮೇಲೆ ಪೌಡರು ಒತ್ತುತ್ತಾಳೆ — ಇವತ್ತು ಹಸಿರು, ಗಿಳಿಹಸಿರು, ಒಡಲ ತುಂಬ ಮಾವಿನಕಾಯಿ ಬುಟ್ಟಾ, ಅಕ್ಷತೆಯ ಅಕ್ಕಿಕಾಳಿಗೆ ನಿಂತ ಮದುಮಗಳು ಉಡುವಂಥದ್ದು. ಹೊತ್ತು ಮುಳುಗಿಹೋಗಿದೆ, ಇಷ್ಟೊತ್ತಿಗೆ ವಿಡಿಯೋ ಅಂಗಡಿಯ ಪೇಜಿಗೆ ಹೋಗಿರಬೇಕಿತ್ತು, ಸವಣೂರಿನ ಅಲ್ತಾಫನ ಮಂದಿ ಈಗಷ್ಟೇ ಮೆಟ್ಟಿಲಿಳಿದು ಹೋದರು, ಅವರು ಬಿಚ್ಚಿಸಿ ನೋಡಿದ ಸೀರೆಗಳು ಗಾದಿಯ ಮೇಲೆ ಹಾಗೇ ಬಿದ್ದಿವೆ, ಮಡಚಬೇಕು, ನನ್ನ ಕೈ ಏಳಲಿಲ್ಲ. ಗಲ್ಲೆಯ ಮುಂದೆ ಕೂತ ಕುಬೇರಪ್ಪ ಸಾವ್ಕಾರರು ಕನ್ನಡಕ ತೆಗೆದು ಒರೆಸುತ್ತಾ, ನನ್ನ ಕಡೆ ನೋಡದೆ, ಇವತ್ತೊಂದಿನ ಬಿಡವಾ ರಾಜಶ್ರೀ, ದಣದೀ, ಒಂದ ದಿನಾ ಹಾಕ್ಲಿಲ್ಲಂದ್ರ ಏನೂ ಲುಕ್ಸಾನ ಆಗಂಗಿಲ್ಲ, ಅಂದರು. ಬಿಡೂದಿಲ್ರಿ ಸಾವ್ಕಾರ್ರ, ಅಂತ ನನ್ನ ಬಾಯಿ ತಾನಾಗಿಯೇ ಹೇಳಿತು, ಹೇಳಿದ ಮೇಲೆ ಯಾಕೆ ಹೇಳಿದೆ ಅನ್ನಿಸಿತು, ಬಿಡಬಹುದಿತ್ತಲ್ಲ, ಬಿಡಬೇಕಿತ್ತೇನೋ. ಬಳೆಯಂಥ ಲೈಟು ಒಮ್ಮೆ ಮಿಣುಕಿ ಆರುತ್ತದೆ, ಚಾರ್ಜಿಲ್ಲ ಅಕ್ಕ, ಸ್ವಲ್ಪ ತಡಿ, ಅಂತ ಐಶ್ವರ್ಯ ವಾಯರು ಹುಡುಕಲು ಒಳಗೆ ಹೋಗುತ್ತಾಳೆ, ಮದುವೆ ಸೀರೆಯಲ್ಲಿ ನಾನೊಬ್ಬಳೇ ನಿಂತಿದ್ದೇನೆ, ಎದುರಿನ ಕನ್ನಡಿಯಲ್ಲಿ ಇನ್ನೊಬ್ಬಳು.

ಬಿಡು ಅನ್ನುವ ಮಾತು ಈ ಅಂಗಡಿಯಲ್ಲಿ ಹೊಸದಲ್ಲ. ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ ಶಿಗ್ಗಾವಿಗೆ ಬಂದ ವರ್ಷ ಐಶ್ವರ್ಯ ಅಪ್ಪನ ಮುಂದೆ ಕೂತು, ಅಪ್ಪ, ಮಂದಿ ಈಗ ಅಂಗಡಿಗೆ ಬರೂಕಿಂತ ಮದಲ ಫೋನಿನ್ಯಾಗ ನೋಡ್ತಾರ, ನಮ್ಮದೂ ಒಂದು ಪೇಜು ಮಾಡೂಣು, ದಿನಾ ಒಂದು ಸೀರಿ, ದಿನಾ ಅದ ಹೊತ್ತಿಗೆ, ಕನ್ಸಿಸ್ಟೆನ್ಸಿ ಇರಬೇಕು, ಅಂದಾಗ ಸಾವ್ಕಾರರು, ಕನ್ಸಿಸ್ಟೆನ್ಸಿ ಅಂದ್ರ ಏನ ಅದು, ಅಂತ ಕೇಳಿದ್ದರು, ದಿನಾ ತಪ್ಪದಂಗ ಮಾಡೂದಪ್ಪ, ಓ ಅದಾ, ಅದನ್ನ ಈ ಅಂಗಡಿ ಸುರು ಮಾಡಿದ ನಮ್ಮ ಮುತ್ತ್ಯಾ ಮಾಡಿದ್ನಲ್ಲ, ಒಂದು ವರ್ಷ ಗಿರಾಕಿ ಇರ್ಲಿಲ್ಲ, ಆದ್ರೂ ಮುಂಜಾನೆದ್ದು ಬಾಗಲಾ ತಗದು, ಕಸಾ ಹೊಡದು, ಊದಿನಕಡ್ಡಿ ಹಚ್ಚಿ ಕುಂಡ್ರತಿದ್ದನಂತ. ಅಪ್ಪ ಮಗಳು ನಕ್ಕರು. ಆದರೆ ಸೀರೆ ಉಟ್ಟು ನಿಲ್ಲುವವರು ಯಾರು, ಐಶ್ವರ್ಯಳ ತಾಯಿ ವೀರವ್ವ ಒಪ್ಪಲಿಲ್ಲ, ನಮ್ಮ ಹುಡಿಗಿ ಹಂಗ ಮಂದಿ ಮುಂದ ತಿರಗೂದು ಬ್ಯಾಡ, ನಾಳೆ ವರಾ ನೋಡೂದೈತಿ, ಅಂದರು, ಆಗ ಎಲ್ಲರ ಕಣ್ಣೂ ಸೀರೆ ಮಡಚುತ್ತಾ ಕೂತಿದ್ದ ನನ್ನ ಮೇಲೆ ಬಂದು ನಿಂತವು. ಸಾವ್ಕಾರರ ತಮ್ಮ ಒಬ್ಬ ಆಮೇಲೆ ಬಂದು ಗೊಣಗಿದ, ಅಂಗಡಿ ಮಾರಿ ಅಂತ ನಿಲ್ಲಸಾಕ ನಮ್ಮ ಮಂದ್ಯಾಗ ಒಬ್ಬರೂ ಸಿಗಲಿಲ್ಲೇನು, ಆ ಕೇರಿಯವರ ಹುಡಿಗೀನ ಬೇಕಾಗಿತ್ತೇನು, ನಾನು ಪರದೆಯ ಹಿಂದಿದ್ದೆ, ಕೇಳಿಸಿತು, ಸಾವ್ಕಾರರು ಅಷ್ಟೇ ಜೋರಾಗಿ, ಸೀರಿ ಉಟ್ಟಾಕಿ ಛಂದ ಕಾಣಬೇಕು, ನೀ ಉಡ್ತಿಯೇನು ಹಂಗಾದ್ರ, ಅಂದದ್ದೂ ಕೇಳಿಸಿತು. ಇವೆಲ್ಲಕ್ಕಿಂತ ಮೊದಲೇ ನಾನು ಹೂಂ ಅಂದಾಗಿತ್ತು, ಯಾರೂ ಇನ್ನೂ ಪೂರಾ ಕೇಳುವ ಮುಂಚೆಯೇ. ಪಗಾರ ಹೆಚ್ಚಾದೀತು ಅಂತ ಒಪ್ಪಿದಳು ಅಂದುಕೊಂಡರು ಕೆಲವರು, ಚಟ ಅಂದುಕೊಂಡರು ಇನ್ನು ಕೆಲವರು, ನನಗೆ ಹೊಳೆದದ್ದು ಒಂದೇ — ಅವನ ಕೈಯಲ್ಲೂ ಒಂದು ಫೋನು ಇರಲೇಬೇಕು, ಎಲ್ಲಿದ್ದರೂ, ಈಗ ಫೋನಿಲ್ಲದವರು ಯಾರಿದ್ದಾರೆ.

ಅವನು. ಹೆಸರು ಬಾಯಲ್ಲಿ ಹೇಳುವುದಿಲ್ಲ, ಒಳಗೆ ಹೇಳಿಕೊಳ್ಳುತ್ತೇನೆ, ಫಕ್ಕೀರೇಶ, ಶಿರಹಟ್ಟಿಯ ಮಠಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವನಂತೆ, ಅತ್ತೆ ಉಡಚವ್ವ ಹೇಳುತ್ತಿದ್ದಳು. ತಡಸದ ನಮ್ಮ ಮನೆಯಲ್ಲಿ ಬುದ್ಧನ ಪಟದ ಕೆಳಗೆ ನಮ್ಮಿಬ್ಬರನ್ನೂ ನಿಲ್ಲಿಸಿ ಲಗ್ನ ಮಾಡಿದರು, ನನ್ನ ಸೀರೆ ಬಿಳಿ, ಸಣ್ಣ ನೀಲಿ ದಡಿ, ಜರಿ ಇಲ್ಲ, ಬುಟ್ಟಾ ಇಲ್ಲ, ಮೂರು ವರ್ಷದಿಂದ ದಿನಾ ಮದುಮಗಳಂತೆ ಉಡುವ ನಾನು ನನ್ನ ಮದುವೆಯಲ್ಲಿ ರೇಷ್ಮೆ ಉಡಲಿಲ್ಲ ಅಂದರೆ ನಗು ಬರುತ್ತದೆ. ಹುಲಗೂರಿನ ಅವನ ಮನೆ, ಒಂದೇ ಕೋಣೆ, ನಡುವೆ ಅತ್ತೆಯ ಹಳೆಯ ಸೀರೆಯೇ ಪರದೆ, ಅವನು ನಗುತ್ತಿದ್ದ ರೀತಿ, ನಗು ಶುರುವಾದರೆ ನಡುವೆ ಕೆಮ್ಮು ಬಂದು ಸಿಕ್ಕಿಕೊಳ್ಳುತ್ತಿತ್ತು, ನಗು ಕೆಮ್ಮು ಎರಡೂ ಒಂದೇ ಆಗಿ ಕಣ್ಣಲ್ಲಿ ನೀರು ಬರುತ್ತಿತ್ತು, ಸಾಕ ಬಿಡ್ರಿ ಅಂತ ನಾನು ಬೆನ್ನು ತಟ್ಟುತ್ತಿದ್ದೆ. ವರ್ಷ ಕಳೆದವು, ಮಕ್ಕಳಾಗಲಿಲ್ಲ, ಹಾವೇರಿ ದವಾಖಾನೆ, ಹುಬ್ಬಳ್ಳಿ ದವಾಖಾನೆ, ಇಬ್ಬರದೂ ಸರಿ ಐತಿ, ತಾಳ್ಮಿ ಇಟಗೊಳ್ರಿ ಅಂದರು ಡಾಕ್ಟರು, ತಾಳ್ಮೆ ಅನ್ನುವ ಮಾತು ಮೊದಲು ಅಲ್ಲಿ ಕೇಳಿದೆ. ನೀರಿನ ಟಾಕಿಯ ಹತ್ತಿರ ಓಣಿಯ ಹುಚ್ಚವ್ವ, ಮಕ್ಕಳಿಲ್ಲದ ನನ್ನ ಕೊಡ ತಾಕದಂತೆ, ತನ್ನ ಮೊಮ್ಮಗನನ್ನು ಈ ಕಡೆಯಿಂದ ಆ ಕಡೆಗೆ ಎತ್ತಿಕೊಂಡಳು, ನಾನು ಮನೆಗೆ ಬಂದು ಏನೂ ಹೇಳಲಿಲ್ಲ, ಅವನಿಗೆ ಗೊತ್ತಾಗಿತ್ತು, ಅವನ ಗೆಳೆಯರು ಅವನಿಗೂ ಏನೋ ಅಂದಿದ್ದರು, ಅವನೂ ಹೇಳಲಿಲ್ಲ. ಗೋವಾಕ್ಕೆ ಹೋದ, ಹೋಟೆಲ್ಲಿನ ಅಡಿಗೆ ಕೆಲಸ, ಮಳೆಗಾಲಕ್ಕೆ ಬರುತ್ತಿದ್ದ, ಒಂದು ಮಳೆಗಾಲ ಬರಲಿಲ್ಲ, ನಂಬರು ಹತ್ತಲಿಲ್ಲ, ಹುಡುಕಲು ಹೋದ ನನ್ನ ಅಣ್ಣ, ಆ ಹೋಟೆಲ್ ಬಿಟ್ಟಾನಂತ ಎಂದು ಹೊರಳಿ ಬಂದ, ಆಮೇಲೆ ಮಳೆಗಾಲಗಳು ಬರುತ್ತಲೇ ಇವೆ. ತಡಸಕ್ಕೆ ಬಾ ಅಂದರು ತವರಿನವರು, ಹೋಗಲಿಲ್ಲ, ಉಡಚವ್ವ ಹೋಗು ಅನ್ನಲೂ ಇಲ್ಲ ಇರು ಅನ್ನಲೂ ಇಲ್ಲ, ಒಂದು ರಾತ್ರಿ ತನ್ನ ತಟ್ಟೆಯ ರೊಟ್ಟಿಯನ್ನು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದಳು, ಅಷ್ಟೇ, ಉಳಿದೆ. ಈಗಲೂ ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ದುವಾ ಓದಿಸಿಕೊಂಡು ಬರುತ್ತಾಳೆ, ಒಂದು ಚಿಟಿಕೆ ನನ್ನ ಬಾಯಿಗೆ ಹಾಕುತ್ತಾಳೆ, ಯಾಕೆ ಅಂತ ನಾನು ಕೇಳುವುದಿಲ್ಲ.

ಮೊದಮೊದಲು ಯಾರು ನೋಡುತ್ತಿದ್ದರು ಆ ವಿಡಿಯೋ, ಐಶ್ವರ್ಯಳ ಗೆಳತಿಯರು, ವೀರವ್ವನ ತಂಗಿ, ನಾನು, ಉಡಚವ್ವ, ಕ್ಯಾಮರಾದ ಮುಂದೆ ನನ್ನ ಕೈ ಕಟ್ಟಿಗೆಯಾಗುತ್ತಿತ್ತು, ನಗು ಅಕ್ಕ, ಗದ್ದ ಮ್ಯಾಲೆತ್ತು ಅಕ್ಕ, ಈಗ ತಿರಗು, ಸೆರಗ ತೋರಸು, ಕಡೀಕ ಒಂದು ಮಾತ ಹೇಳು, ನಿನಗ ತಿಳಿದಿದ್ದು — ಏನು ಹೇಳಲಿ ಅಂತ ಯೋಚಿಸಲೇ ಇಲ್ಲ, ಬರ್ರಿ, ದಾರಿ ನೋಡ್ತಿರ್ತೇನಿ, ಅಂದುಬಿಟ್ಟೆ. ಭಾರಿ ಆತ ಅಕ್ಕ, ಇದನ್ನ ದಿನಾ ಹೇಳು, ಅಂದಳು ಐಶ್ವರ್ಯ, ದಿನಾ ಹೇಳಿದೆ, ಗಿರಾಕಿಗಳಿಗೆ ಹೇಳುತ್ತೇನೆ ಅಂದುಕೊಂಡಳು ಅವಳು. ಒಂದು ವರ್ಷ ಹೀಗೇ. ದೀಪಾವಳಿ ಬಂತು ಹೋಯಿತು, ಲಗ್ನಸರಾಯಿಯ ತಿಂಗಳುಗಳು ಬಂದವು ಹೋದವು, ಪೇಜು ನೋಡಿ ಬಂದೆವು ಅನ್ನುವ ಒಬ್ಬ ಗಿರಾಕಿ ಇಲ್ಲ, ಐಶ್ವರ್ಯಳೇ ಸೋತಳು, ಅಪ್ಪ, ನಾ ಓದಿದ್ದೆಲ್ಲಾ ಸುಳ್ಳ ಐತಿ, ಅಂತ ಫೋನು ಗಾದಿಯ ಮೇಲೆ ಒಗೆದು ಅತ್ತಳು, ಸಾವ್ಕಾರರು, ಬಿಟ್ಟಬಿಡ್ರವಾ ಸಾಕು, ಅಂದರು. ಬಾಗಿಲು ಮುಚ್ಚಿದ ಹಾಗೆ, ಆ ಇಷ್ಟಗಲದ ಕಿಟಕಿಯೂ ಹೋಯಿತು ಅನ್ನಿಸಿತು, ಸಾವ್ಕಾರರ ಮುಂದೆ ಎಂದೂ ದನಿ ಎತ್ತದ ನಾನು ಎದ್ದು ನಿಂತು, ನಿಮ್ಮ ಮುತ್ತ್ಯಾರು ಗಿರಾಕಿ ಬರ್ಲಿಲ್ಲಂತ ಬಾಗಲಾ ಹಾಕಿದ್ರೇನ್ರಿ, ಇದೂ ಒಂದು ಬಾಗಲಾ ಅಂತ ತಿಳಕೊಳ್ರಿ, ನಾ ಬರ್ತೇನಿ ದಿನಾ, ನಾ ತಗೀತೇನಿ, ಅಂದೆ. ಸಾವ್ಕಾರರು ಗಾದಿಯ ಮೇಲಿನ ಫೋನು ಎತ್ತಿ ಮಗಳ ಕೈಗಿಟ್ಟರು. ಈಕಿಗೆ ಅಂಗಡಿ ಮ್ಯಾಲೆ ನಮಗಿಂತ ಕಾಳಜಿ ಐತಿ ನೋಡು, ಅಂತ ಮಗಳಿಗೆ ಹೇಳಿದರು, ನಾನು ತಲೆ ತಗ್ಗಿಸಿದೆ, ಸುಳ್ಳೂ ಅಲ್ಲ, ನಿಜವೂ ಅಲ್ಲ.

ಆಮೇಲೆ ಅದು ಹೇಗೆ ತಿರುಗಿತೋ ಗೊತ್ತಿಲ್ಲ, ಒಂದು ದಿನದಲ್ಲಿ ಆದದ್ದಲ್ಲ, ಬಾವಿಯಲ್ಲಿ ನೀರು ಊರುವ ಹಾಗೆ, ಹಿರೇಕೆರೂರಿನ ಯಾರೋ ಒಬ್ಬರು ಇದು ನೀಲಿ ಬಣ್ಣದಲ್ಲಿ ಸಿಗುತ್ತದೆಯೇ ಅಂತ ಕೇಳಿದರು, ಐಶ್ವರ್ಯ ಕುಣಿದಾಡಿದಳು, ಮರುವಾರ ಆಕೆಯೇ ಮಗಳನ್ನು ಕರಕೊಂಡು ಎರಡು ಬಸ್ಸು ಬದಲಿಸಿ ಬಂದಳು, ನೀವ ಅಲ್ಲೇನ್ರಿ ಆ ದಾರಿ ನೋಡ್ತಿರ್ತೇನಿ ಅನ್ನಾವ್ರು, ಬಂದ್ವಿ ನೋಡ್ರಿ, ಅಂತ ನನ್ನ ಕೈ ಹಿಡಿದಳು. ಹಾನಗಲ್ಲಿನ ಟೀಚರುಗಳು ಗುಂಪಾಗಿ ಬಂದರು, ಒಂದೇ ತರಹದ ಸೀರೆ ಬೇಕಂತೆ ಶಾಲೆಯ ಕಾರ್ಯಕ್ರಮಕ್ಕೆ. ಬಸ್ಸಿನಲ್ಲಿ ಮಂದಿ ಗುರುತು ಹಿಡಿಯತೊಡಗಿದರು, ಸೀರಿ ಅಕ್ಕ, ಸೀರಿ ಅಕ್ಕ, ಟಾಕಿಯ ಹತ್ತಿರ ಅದೇ ಹುಚ್ಚವ್ವ ತನ್ನ ಬಸುರಿ ಮೊಮ್ಮಗಳ ಕುಬಸಕ್ಕೆ ಯಾವ ಬಣ್ಣ ಹೊಂದುತ್ತದೆ ಅಂತ ನನ್ನನ್ನೇ ಕೇಳಿದಳು. ಹೊಲಸು ಮಾತು ಬರೆಯುವವರೂ ಇದ್ದರು, ಗಂಡ ಇಲ್ಲದಾಕಿ ದಿನಾ ಮದುಮಗಳಾಗ್ತಾಳ ಅಂತ ನಮ್ಮೂರಿನವನೇ ಒಬ್ಬ ಬರೆದ, ಐಶ್ವರ್ಯ ನನಗೆ ಕಾಣುವ ಮೊದಲೇ ಅಳಿಸಬೇಕೆಂದಿದ್ದಳು, ನಾನು ಓದಿಬಿಟ್ಟಿದ್ದೆ. ಮನೆಗೆ ಹೋದ ಮೇಲೆ ಉಡಚವ್ವ ಕೈ ಒರೆಸಿಕೊಂಡು ಫೋನಿನ ಮುಂದೆ ಕೂಡುತ್ತಾಳೆ, ಅಕ್ಷರ ಬಾರದು, ಪರದೆಯಲ್ಲಿ ನಾನು ತಿರುಗುವುದನ್ನು ನೋಡುತ್ತಾಳೆ, ಪಕ್ಕದಲ್ಲಿ ಕೂತ ನನ್ನನ್ನು ನೋಡುತ್ತಾಳೆ, ಇವತ್ತ ಎಷ್ಟ ಮಂದಿ ನೋಡ್ಯಾರ ರಾಜಿ, ಭಾಳ ಮಂದಿ ನೋಡ್ಯಾರ ಅತ್ತಿ, ಹೌದೇನು, ಅನ್ನುತ್ತಾಳೆ, ಅವಳು ಕೇಳುವುದು ಎಷ್ಟು ಮಂದಿ ಅಂತ ಅಲ್ಲ, ಒಬ್ಬ ನೋಡಿದನೇ ಅಂತ, ನನಗೆ ಗೊತ್ತು, ನನಗೆ ಗೊತ್ತು ಅಂತ ಅವಳಿಗೂ ಗೊತ್ತು, ಆ ಮಾತನ್ನು ನಾವಿಬ್ಬರೂ ಒಲೆಯಿಂದ ದೂರ ಇಟ್ಟ ಹಾಲಿನ ಹಾಗೆ ಮುಟ್ಟದೆ ಇಟ್ಟಿದ್ದೇವೆ.

ಇವತ್ತು ಮಧ್ಯಾಹ್ನ ಅಲ್ತಾಫ ಬಂದ. ತಾಯಿ, ತಂಗಿ, ಇಬ್ಬರು ಚಿಕ್ಕಮ್ಮಂದಿರು, ತಂಗಿಯ ನಿಕಾಹದ ಜವಳಿ, ತಾಯಿ ಬರುತ್ತಲೇ ಸವಣೂರ ಖಾರದ ಪೊಟ್ಟಣ ಗಾದಿಯ ಮೇಲಿಟ್ಟು, ನಮ್ಮೂರಿಂದ ಬರಿಗೈಲೆ ಹೆಂಗ ಬರೂದ್ರಿ, ಅಂದಳು, ಎಲ್ಲರೂ ನಕ್ಕರು, ನಾನೂ ನಕ್ಕೆ, ಅಷ್ಟೊತ್ತಿಗೆ ನಾನು ಇನ್ನೂ ನಿನ್ನೆಯವಳೇ. ಅಲ್ತಾಫ ನನ್ನನ್ನು ನೋಡಿ, ಅಕ್ಕಾರ, ನಿಮ್ಮನ್ನ ನಾವು ಗೋವಾದಾಗ ದಿನಾ ನೋಡ್ತೇವ್ರಿ, ಅಂದ. ನಾನು ಕೆಂಪು ಸೀರೆಯ ಮಡಿಕೆ ಬಿಚ್ಚುತ್ತಿದ್ದೆ, ಬಿಚ್ಚುತ್ತಲೇ ಇದ್ದೆ. ಗೋವಾದಾಗ ಯಾರ ನೋಡ್ತಾರ್ರಿ ನಮ್ಮನ್ನ, ಅಂತ ಐಶ್ವರ್ಯ ಖುಷಿಯಿಂದ ಮುಂದೆ ಬಂದಳು, ನಮ್ಮ ಹೋಟೆಲ್‌ನ್ಯಾಗ ಫಕ್ಕೀರಣ್ಣ ಅಂತ ಅದಾನ್ರಿ, ಈ ಕಡಿಯಾಂವನ, ದೊಡ್ಡ ಅಡಿಗಿಯಾಂವ, ನಿಮ್ಮ ವಿಡಿಯೋ ಒಂದ ದಿನಾ ತಪ್ಪಸಂಗಿಲ್ಲ, ಹೊತ್ತಾದ್ರ ಯಾಕ ಇನ್ನೂ ಬಂದಿಲ್ಲ ಅಂತಾನ, ಒಲಿ ಸಣ್ಣ ಮಾಡಿ ನೋಡ್ತಾನ, ನೋಡಿ ಫೋನ ಕಿಸೆದಾಗ ಇಟಗೊಂತಾನ. ಏನ ಫಕ್ಕೀರಣ್ಣ ಅಂದ್ರ, ನಮ್ಮೂರ ಕಡಿ ಅಂಗಡಿ ಅಂತಾನ, ಅಷ್ಟ. ಈ ಸೀಮೆಯಲ್ಲಿ ಓಣಿಗೊಬ್ಬ ಫಕ್ಕೀರೇಶ ಇದ್ದಾನೆ, ಓಣಿಗೊಬ್ಬ ಫಕ್ಕೀರೇಶ, ಅಂತ ನನಗೆ ನಾನೇ ಹೇಳಿಕೊಂಡೆ, ಸೀರೆಯ ದಡಿ ತಂಗಿಯ ಕೈಗೆ ಕೊಟ್ಟೆ, ನೋಡ್ರಿ ನಿಮ್ಮ ಬಣ್ಣಕ್ಕ ಇದು ಒಪ್ಪತೈತಿ, ಅಂದೆ, ಆಮೇಲೆ ಸೀರೆ ಮಾರುವವಳ ದನಿಯಲ್ಲೇ, ಅವರ ಮನಿಯಾವ್ರಿಗೆ ಬೇಕೇನ್ರಿ ಸೀರಿ, ಅಂತ ಕೇಳಿದೆ. ಕೇಳಿದ್ದು ನಾನೇ. ಅಲ್ತಾಫ ನಕ್ಕ, ಇಲ್ರಿ ಅಕ್ಕಾರ, ಆಕಿ ಕಾರವಾರ ಕಡಿಯಾಕಿ, ಮ್ಯಾಕ್ಸಿ ಬಿಟ್ರ ಬ್ಯಾರೆ ಹಾಕ್ಕೊಳ್ಳಂಗಿಲ್ಲ, ಮಗಳಿಗ್ರಿ ಹುಚ್ಚು, ಇನ್ನೂ ಸಾಲಿಗೆ ಹಚ್ಚಿಲ್ಲ, ಇಷ್ಟುದ್ದ ಐತಿ, ನಿಮ್ಮಂಗ ತಿರಗತೈತಿ, ತಡೀರಿ, ಕಳಿಸಿದ್ದ ನನಗ — ಅಂತ ಫೋನು ತೆಗೆದು ನನ್ನ ಮುಂದೆ ಹಿಡಿದ.

ಹಳದಿ ಫ್ರಾಕು. ಹಿಂದೆ ಒಂದು ಫ್ರಿಜ್ಜು, ಅದರ ಮೇಲೆ ಉಪ್ಪಿನಕಾಯಿ ಭರಣಿ. ಹೆಗಲ ಮೇಲೆ ಹೋಟೆಲ್ಲಿನ ಬಿಳಿ ಟಾವೆಲ್ಲು, ಅದು ನೆಲಕ್ಕೆ ತಾಗುತ್ತಿದೆ, ಗದ್ದ ಮೇಲೆತ್ತಿ, ಒಂದು ಕೈ ಚಾಚಿ, ನಿಧಾನಕ್ಕೆ ತಿರುಗುತ್ತಾಳೆ, ನನ್ನ ಹಾಗೆಯೇ, ಎಡಗಾಲು ಮೊದಲು, ಟಾವೆಲ್ಲು ಜಾರುತ್ತದೆ, ನಿಲ್ಲುತ್ತಾಳೆ, ಎತ್ತಿ ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಾಳೆ, ಬಲ್ಲಿ, ದಾಲಿ ನೋಡ್ತಿಲ್ತೇನಿ, ಅನ್ನುತ್ತಾಳೆ, ಆ ಕೂಸಿಗೆ ಕನ್ನಡ ಬರಂಗಿಲ್ರಿ, ಅದೊಂದ ಮಾತ ಬರ್ತೈತಿ, ಅಂತ ಅಲ್ತಾಫ ಹೇಳುತ್ತಿದ್ದಾನೆ, ಮತ್ತು ಫೋನಿನ ಹಿಂದಿನಿಂದ ಒಂದು ನಗು, ನಗು ನಡುವೆ ಕೆಮ್ಮಿಗೆ ಸಿಕ್ಕಿ, ಕೆಮ್ಮು ನಗುವಾಗಿ — ಓಣಿಗೊಬ್ಬ ಫಕ್ಕೀರೇಶ ಇರಬಹುದು, ಈ ನಗು ಒಬ್ಬನದೇ. ಅಯ್ಯ ಎಷ್ಟ ಛಂದ ಐತಿ, ನಮ್ಮ ಪೇಜಿಗೆ ಹಾಕೂಣು, ಕಳಸ್ರಿ ಅಣ್ಣಾರ, ಅಂತ ಐಶ್ವರ್ಯ, ಗೊತ್ತಿಲ್ಲ ಅವಳಿಗೆ, ಕೇಳಿ ಕಳಸ್ತೇನ್ರಿ ಅಂತ ಅಲ್ತಾಫ ಅಲ್ಲೇ ಬಾಯಿ ಹತ್ತಿರ ಫೋನು ಹಿಡಿದು, ಫಕ್ಕೀರಣ್ಣ, ನಾ ಸೀರಿ ಅಕ್ಕನ ಅಂಗಡ್ಯಾಗ ಅದೇನಿ ನೋಡು, ಅಕ್ಕಾರು ಇಲ್ಲೇ ನಿಂತಾರ, ಕೂಸಿಂದು ವಿಡಿಯೋ ಕೇಳಾಕತ್ತಾರ, ಕೊಡಲ್ಯಾ, ಅಂದ. ಹೋಯಿತು ಮಾತು. ತಂಗಿ ಕೆಂಪು ಬೇಡ ನೇರಳೆ ತೋರಿಸಿ ಅಂದಳು, ನೇರಳೆ ತೆಗೆದೆ, ದಡಿ ಸಣ್ಣದು ಅಂದಳು, ದೊಡ್ಡ ದಡಿ ತೆಗೆದೆ, ಕಿವಿ ಆ ಫೋನಿನಲ್ಲಿ. ಬಂತು. ಅಲ್ತಾಫ ಓದಿದ, ಬ್ಯಾಡಂತ್ರಿ, ಅಂದ, ಮುಂದೆ ಓದಿದ, ಅವರಿಗೆ ತ್ರಾಸ ಕೊಡಬ್ಯಾಡ, ಅಂತ ಬರದಾನ್ರಿ, ಭಾಳ ನಾಚಿಗಿ ಮನಷ್ಯಾ ಅವ. ಅವರಿಗೆ. ನನಗೆ. ಬಹುವಚನ ಹಚ್ಚಿದ್ದಾನೆ, ಎಂದೂ ಹಚ್ಚಿರಲಿಲ್ಲ, ಇಷ್ಟು ಮಳೆಗಾಲಗಳಾದ ಮೇಲೆ ನನಗೆ ಬಂದ ಒಂದೇ ಮಾತು, ಅದೂ ಇನ್ನೊಬ್ಬರ ಬಾಯಿಂದ. ನೇರಳೆ ಸೀರೆ ನನ್ನ ಕೈಯಲ್ಲಿತ್ತು, ಇದನ್ನ ಕಟ್ರಿ ಅಂದಳು ತಂಗಿ, ನಾನು ನಿಂತೇ ಇದ್ದೆ, ಆಗ ಕುಬೇರಪ್ಪ ಸಾವ್ಕಾರರು ಗಲ್ಲೆ ಬಿಟ್ಟು ಎದ್ದು ಬಂದು, ನನ್ನ ಕೈಯಿಂದ ಸೀರೆ ತೆಗೆದುಕೊಂಡು, ತಾವೇ ಕಟ್ಟಿದರು, ನನ್ನ ಮುಖ ನೋಡಲಿಲ್ಲ, ನನ್ನ ಪಗಾರದ ವಹಿಯಲ್ಲಿ ಗಂಡನ ಹೆಸರು ಬರೆದವರು ಅವರೇ, ಅವರಿಗೆ ಗೊತ್ತಾಯಿತು ಅಂತ ನನಗೆ ಗೊತ್ತಾದದ್ದು ಆಗಲೇ.

ನೋಡಿದ್ದಾನೆ ಅಂದರೆ. ಮೂರು ವರ್ಷದಿಂದ, ಮೊದಲ ದಿನದಿಂದಲೇ ಇರಬಹುದು, ಯಾರೂ ನೋಡದಿದ್ದ ಆ ವರ್ಷವೂ ಇರಬಹುದು, ಐಶ್ವರ್ಯ ಅತ್ತ ದಿನವೂ, ನಾನು ಹೇಳಿದ್ದು ಪ್ರತಿ ದಿನ ಹೋಗಿ ಮುಟ್ಟಿದೆ, ಒಂದು ದಿನವೂ ದಾರಿ ತಪ್ಪಿಲ್ಲ, ಅವನು ಕೇಳಿದ್ದಾನೆ, ಫೋನನ್ನು ಕಿಸೆಯಲ್ಲಿಟ್ಟು ಒಲೆ ದೊಡ್ಡದು ಮಾಡಿದ್ದಾನೆ. ಸಿಟ್ಟು ಬರಬೇಕಲ್ಲ, ಹುಡುಕುತ್ತೇನೆ, ಇದೆ ಎಲ್ಲೋ, ನಾಳೆ ಬಂದೀತು, ಈಗ ಇರುವುದು ಬೇರೆ, ಹಾಗಾದರೆ ಕೊರತೆ ನನ್ನದೇ ಅನ್ನುವುದು ಒಂದು, ಡಾಕ್ಟರು ಇಬ್ಬರದೂ ಸರಿ ಅಂದಿದ್ದರಲ್ಲ ಅನ್ನುವುದು ಇನ್ನೊಂದು, ಇನ್ನೊಂದಿಷ್ಟು ತಾಳಿದ್ದರೆ ಆ ಹಳದಿ ಫ್ರಾಕು ನಮ್ಮ ಹುಲಗೂರಿನ ಪರದೆಯ ಈಚೆಗೆ ಓಡಾಡುತ್ತಿತ್ತೇನೋ ಅನ್ನುವುದು — ಅಯ್ಯೋ ಇದೆಂಥ ಆಸೆ, ಇನ್ನೊಬ್ಬಳ ಹೊಟ್ಟೆಯ ಕೂಸಿಗೆ. ಬಿಡಬಹುದು ನಾನು. ಇವತ್ತೇ ಬಿಡಬಹುದು, ಸಾವ್ಕಾರರೇ ಬಿಡು ಅಂದಿದ್ದಾರೆ, ಇವತ್ತು ಬರಲಿಲ್ಲವಾದರೆ ಅವನು ಒಲೆಯ ಮುಂದೆ ಫೋನು ತೆಗೆದು ತೆಗೆದು ನೋಡುತ್ತಾನೆ, ನಾಳೆಯೂ ಬರಲಿಲ್ಲ, ನಾಡಿದ್ದೂ, ಆಗ ತಿಳಿದೀತು ನಂಬರು ಹತ್ತದಿದ್ದರೆ ಹೇಗಿರುತ್ತದೆ ಅಂತ, ಮೊದಲ ಸಲ ನನ್ನ ಕೈಯಲ್ಲೂ ಒಂದು ಇದೆ, ಬಾಗಿಲು ಹಾಕುವುದು. ಎಷ್ಟು ಹಗುರ ಅನ್ನಿಸಿತು ಒಂದು ಕ್ಷಣ. ಆದರೆ ಫೋನಿನ ಮುಂದೆ ಅವನೊಬ್ಬನೇ ಕೂತಿಲ್ಲ, ಹೆಗಲ ಮೇಲೆ ಟಾವೆಲ್ಲು ಹಾಕಿಕೊಂಡು ಇನ್ನೊಬ್ಬಳು ಕೂತಿದ್ದಾಳೆ, ಅಪ್ಪನನ್ನು ಅಲ್ಲಿಯ ಮಾತಿನಲ್ಲಿ ಕೇಳುತ್ತಾಳೆ, ಯಾಕೆ ಇನ್ನೂ ಬಂದಿಲ್ಲ, ಅವಳು ಯಾರನ್ನು ಬಿಟ್ಟು ಹೋದವಳು, ಅವಳೇಕೆ ಕಾಯಬೇಕು. ಹೆಸರು ಕೇಳಲಿಲ್ಲ ನಾನು. ಎಲ್ಲ ಕೇಳಿದೆ, ಮನೆಯವಳಿಗೆ ಸೀರೆ ಬೇಕೇ ಅಂತಲೂ ಕೇಳಿದೆ, ಕೂಸಿನ ಹೆಸರು ಕೇಳಲಿಲ್ಲ.

ಸಿಕ್ಕಿತು ಅಕ್ಕ, ಅಂತ ಐಶ್ವರ್ಯ ವಾಯರು ಹಿಡಿದು ಬರುತ್ತಾಳೆ, ಲೈಟು ಹತ್ತುತ್ತದೆ, ಕನ್ನಡಿಯಲ್ಲಿ ಹಸಿರು ಸೀರೆ ಬೆಳಗುತ್ತದೆ, ನನ್ನ ಕಣ್ಣು ನೋಡಿ ಅವಳು ತಡೆದು ನಿಲ್ಲುತ್ತಾಳೆ, ಯಾಕ ಅಕ್ಕ, ಏನಾತು, ಏನಿಲ್ಲ, ಬೆಳಕಿಗೆ, ನೀ ಹಚ್ಚು. ಇವತ್ತು ಮನೆಗೆ ಹೋದರೆ ಉಡಚವ್ವ ಕೇಳುತ್ತಾಳೆ, ಎಷ್ಟ ಮಂದಿ ನೋಡ್ಯಾರ ರಾಜಿ, ಹೇಳುತ್ತೇನೆ, ಮುಚ್ಚಿಡಲು ನಾನ್ಯಾರು, ನಿನ್ನ ಮಗ ಬದುಕ್ಯಾನ ಅತ್ತಿ, ಚೊಲೊ ಅದಾನ, ಕೆಮ್ಮು ಹಂಗ ಐತಿ, ನಿನಗೊಂದು ಮೊಮ್ಮಗಳದಾಳ, ಗದ್ದ ನಿನ್ನಂಗ ಐತಿ — ಹೌದು, ಈಗ ಹೊಳೆಯಿತು, ಮೇಲೆತ್ತಿದ ಆ ಗದ್ದ ಉಡಚವ್ವನದು — ಅವಳು ಅಳುತ್ತಾಳೋ, ನಗುತ್ತಾಳೋ, ಮೊದಲು ನನ್ನ ತಟ್ಟೆ ಕಡೆ ನೋಡುತ್ತಾಳೋ, ಗೊತ್ತಿಲ್ಲ, ಗೋವಾಕ್ಕೆ ಹೋಗುತ್ತೇನೆ ಅಂದರೆ ಬಸ್ಸಿಗೆ ಹತ್ತಿಸುತ್ತೇನೆ, ನಾನು ಹೋಗುವುದಿಲ್ಲ. ಅಕ್ಕ, ರೆಡಿ ಏನು, ತಡಿ ಐಶ್ವರ್ಯ, ಇವತ್ತ ರೇಟು ಬಣ್ಣ ಹೇಳೂದು ಬ್ಯಾಡ, ಇವತ್ತ ಸೆರಗ ಜಾರಲಾರದಂಗ ಹೆಂಗ ಹಾಕ್ಕೊಳ್ಳೂದು ತೋರಸೂಣು, ಯಾಕಕ್ಕ ಅದು, ಅದು ಎಲ್ಲಾರಿಗೂ ಗೊತ್ತೈತಲ್ಲ, ಇರ್ಲಿ ಬಿಡು, ಸಣ್ಣವರಿಗೆ ಗೊತ್ತಿರಂಗಿಲ್ಲ. ಗಲ್ಲೆಯ ಕಡೆಯಿಂದ ಸಾವ್ಕಾರರು, ಆಕಿ ಹೇಳಿದಂಗ ಮಾಡವಾ, ಅನ್ನುತ್ತಾರೆ, ದನಿ ಒಂಥರಾ ಇದೆ. ಹಾಕಿದ ಪಿನ್ನು ನಾನೇ ತೆಗೆಯುತ್ತೇನೆ, ಸೆರಗು ಕೆಳಗೆ ಬಿಡುತ್ತೇನೆ, ಕೆಂಪು ಚುಕ್ಕೆ ಹತ್ತಿತು, ಐಶ್ವರ್ಯ ಬೆರಳೆತ್ತಿದಳು, ಶುರು, ನೋಡು, ಮೊದಲು ತುದಿ ಹಿಡಿ, ಹೀಗೆ, ಅವಸರ ಬೇಡ, ನನಗೆ ಅವಸರ ಇಲ್ಲ, ಒಂದು ಮಡಿಕೆ, ಬೆರಳಿನಿಂದ ಒತ್ತು, ಅದರ ಮೇಲೆ ಇನ್ನೊಂದು, ನಿನ್ನ ಬೆರಳು ಸಣ್ಣವು, ಸಣ್ಣ ಮಡಿಕೆಯೇ ಸಾಕು, ಈಗ ಎತ್ತಿ ಹೆಗಲ ಮೇಲೆ, ಪೂರಾ ಹಿಂದಕ್ಕೆ ಹಾಕು, ಭಾರ ಬೆನ್ನಿನ ಕಡೆ ಇರಲಿ, ಇನ್ನೊಂದು ತುದಿ ಸುತ್ತಿ ತಂದು ಸೊಂಟಕ್ಕೆ ಸಿಗಿಸು, ಹೀಗೆ, ಆಮೇಲೆ ತಿರುಗು, ಎಡಗಾಲು ಮೊದಲು, ಅದು ನಿನಗೆ ಬರುತ್ತದೆ, ತಿರುಗು — ಲೈಟಿನ ಆಚೆ ನನ್ನ ಕಣ್ಣಿಗೆ ಕಾಣುವುದೊಂದೇ, ಬಿಳಿ ಟಾವೆಲ್ಲು ಜಾರುತ್ತದೆ, ಹಳದಿ ಫ್ರಾಕಿನ ಹೆಗಲು, ಜಾರುತ್ತದೆ, ಸಣ್ಣ ಕೈ ಬಂದು ಅದನ್ನು ಎತ್ತುತ್ತದೆ, ಹೆಗಲಿಗೆ ಹಾಕುತ್ತದೆ, ಜಾರುತ್ತದೆ, ಎತ್ತುತ್ತದೆ, ಸಣ್ಣ ಕೈ, ಆ ಸಣ್ಣ ಕೈ